ಮಡಚುವ ಫೋನಿನ ಆಯುಧ ಪೂಜೆ

ಮಡಚುವ ವಸ್ತುಗಳಿಗೂ ನನಗೂ ಆಗಿಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಪಟ್ಟ ಪಾಡನ್ನೆಲ್ಲ ಕೇಳಿದ ಮೇಲೆ ನೀವು, 'ಅಲ್ಲ ಮೇಷ್ಟ್ರೇ, ನಿಮಗೆ ಮುಂಚೆ ಗೊತ್ತಿರಲಿಲ್ಲವೇ' ಎನ್ನುತ್ತೀರಿ. ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಮಾವನವರು ಕೊಡಿಸಿದ ಮಡಚುವ ಮಂಚ ಒಂದು ಮಧ್ಯಾಹ್ನ ನನ್ನನ್ನು ಒಳಗಿಟ್ಟುಕೊಂಡೇ ಮಡಚಿಕೊಂಡಿತು. ಹೆಂಡತಿ ಸರೋಜ ಮೊದಲು ನಕ್ಕು ಮುಗಿಸಿ ಆಮೇಲೆ ನನ್ನನ್ನು ಹೊರಗೆಳೆದಳು. ನನ್ನ ಮೂರು ಮಡಿಕೆಯ ಕೊಡೆ ಮಳೆಯಲ್ಲಿ ತೆರೆಯುವುದಿಲ್ಲ, ಬಸ್ಸಿನಲ್ಲಿ ಪಕ್ಕದವರ ಮೂಗಿನ ಮುಂದೆ ತಾನಾಗಿ ತೆರೆದುಕೊಳ್ಳುತ್ತದೆ. ಕಾಮಸಮುದ್ರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದಾಗ ನಾನು ಕೂತ ಕಬ್ಬಿಣದ ಕುರ್ಚಿ, ಸರಿಯಾಗಿ ಪಾಯಸ ಬಡಿಸುವ ಹೊತ್ತಿಗೆ ಮಡಚಿಕೊಂಡು ನನ್ನನ್ನು ನೆಲಕ್ಕೆ ಇಳಿಸಿತು. ಆ ಕುರ್ಚಿ ಬಾಡಿಗೆಗೆ ಕೊಟ್ಟವನು ಬೇರೆ ಯಾರೂ ಅಲ್ಲ, ಸರೋಜಳ ತಮ್ಮ ಮುನಿರಾಜು. ಬಂಗಾರಪೇಟೆಯಲ್ಲಿ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ಅವನದು. ಅವತ್ತು ಅವನು ಓಡಿ ಬಂದು ಮೊದಲು ಕುರ್ಚಿಯ ಕಾಲು ನೆಟ್ಟಗಿದೆಯೇ ಎಂದು ನೋಡಿದ.

ಇಷ್ಟೆಲ್ಲ ಆದ ಮೇಲೂ ನನಗೆ ಮಡಚುವ ಫೋನು ಬೇಕೆನ್ನಿಸಿತು. ಅದಕ್ಕೂ ಕಾರಣ ಮುನಿರಾಜುವೇ. ನಮ್ಮ ನೆಂಟರ ಮನೆಯ ನಾಮಕರಣದಲ್ಲಿ ಅವನು ಜೇಬಿನಿಂದ ದಪ್ಪನೆಯ ಒಂದು ಫೋನು ತೆಗೆದು, ಎರಡೂ ಕೈಯಲ್ಲಿ ಪುಸ್ತಕದ ಹಾಗೆ ಬಿಡಿಸಿದ. ಅಷ್ಟೇ. ಮಗುವನ್ನು ನೋಡಲು ನಿಂತಿದ್ದವರೆಲ್ಲ ಈಚೆ ತಿರುಗಿದರು. ಮಗು ಕೂಡ ಸ್ವಲ್ಪ ಹೊತ್ತು ಅಳು ನಿಲ್ಲಿಸಿತು. ನಾನು ಹತ್ತಿರ ಹೋಗಿ ಅಸಡ್ಡೆಯಿಂದ ನೋಡುವವನ ಹಾಗೆ ನೋಡಿದೆ. ಅಕ್ಷರಗಳು ಕಡಲೆಕಾಯಿಯಷ್ಟು ದಪ್ಪ ಕಂಡವು. ನನ್ನ ಕಣ್ಣಿಗೆ ಚಾಳೀಸು ಬಂದು ವರ್ಷಗಳಾಗಿದ್ದರೂ ಕನ್ನಡಕ ಹಾಕಿಕೊಂಡರೆ ತರಗತಿಯಲ್ಲಿ ಹುಡುಗರು ನನ್ನನ್ನು 'ತಾತ' ಎನ್ನುತ್ತಾರೆಂಬ ಭಯದಿಂದ, ಫೋನಿನ ಅಕ್ಷರವನ್ನೇ ದೊಡ್ಡದು ಮಾಡುತ್ತಾ ಬಂದಿದ್ದೆ. ಕೊನೆಕೊನೆಗೆ ಪರದೆಯಲ್ಲಿ ಒಂದು ಸಲಕ್ಕೆ ಎರಡು ಮೂರು ಪದ ಮಾತ್ರ ಹಿಡಿಯುತ್ತಿದ್ದವು. ಒಂದು ಸಂಜೆ ಸರೋಜ ಕಳಿಸಿದ್ದ ಸಂದೇಶದಲ್ಲಿ 'ಬರುವಾಗ ಕೊತ್ತಂಬರಿ ಸೊಪ್ಪು' ಎಂದು ಕಂಡಿತು. ಎರಡು ಕಟ್ಟು ಕೊಂಡೊಯ್ದೆ. ಕೆಳಗೆ ಸರಿಸಿದ್ದರೆ 'ತರಬೇಡಿ, ನಿನ್ನೆಯದೇ ಕೊಳೆಯುತ್ತಿದೆ' ಎಂದಿತ್ತಂತೆ. ಮರ್ಯಾದೆಯಿಂದ ಬದುಕಬೇಕಾದರೆ ನನಗೆ ಅಗಲವಾದ ಪರದೆಯೇ ಬೇಕು, ಅದು ಜೇಬಿನಲ್ಲೂ ಹಿಡಿಯಬೇಕು ಎಂದು ನಾಮಕರಣದ ಮನೆಯಲ್ಲೇ ತೀರ್ಮಾನಿಸಿದೆ.

ಮನೆಯಲ್ಲಿ ವಿಷಯ ಎತ್ತಿದಾಗ ಸರೋಜ ಬೇಡ ಎನ್ನಲಿಲ್ಲ. ಅವಳು ಬೇಡ ಎನ್ನುವುದೇ ಇಲ್ಲ, ಪ್ರಶ್ನೆ ಕೇಳುತ್ತಾಳೆ. ಆಗ ಅವಳು ಬೀರು ತೆರೆದು ರೇಷ್ಮೆ ಸೀರೆಗಳನ್ನೆಲ್ಲ ಹೊರಗೆ ಹಾಕಿ, ಹಳೆಯ ಮಡಿಕೆ ಬಿಡಿಸಿ ಬೇರೆ ಮಡಿಕೆ ಹಾಕುತ್ತಿದ್ದಳು. ಕೈ ನಿಲ್ಲಿಸದೆಯೇ ಕೇಳಿದಳು: "ರೀ, ಒಂದೇ ಕಡೆ ಮಡಚಿಟ್ರೆ ಜರಿ ಅಲ್ಲೇ ಹರೀತದೆ ಅಂತ ನಾನು ಆಗಾಗ ಮಡಿಕೆ ಬದಲಾಯಿಸ್ತೀನಿ. ನಿಮ್ಮ ಫೋನಿಗೆ ಹೆಂಗೆ ಬದಲಾಯಿಸ್ತೀರಾ?" ಅಂಗಡಿಯವರು ಲಕ್ಷಗಟ್ಟಲೆ ಸಲ ಮಡಚಿದರೂ ಏನೂ ಆಗುವುದಿಲ್ಲ ಎಂದಿದ್ದಾರೆ ಎಂದೆ. ಯಾರು ಮಡಚಿ ನೋಡಿದರು ಎಂದು ಕೇಳಿದಳು. ಯಂತ್ರ ಮಡಚುತ್ತದಂತೆ ಎಂದೆ. ಯಂತ್ರಕ್ಕೆ ನಿಮ್ಮ ಕೈ ಇಲ್ಲವಲ್ಲ ಎಂದು ಹೇಳಿ ಮುಂದಿನ ಸೀರೆ ಎತ್ತಿಕೊಂಡಳು. ಈ ಮಾತಿಗೆ ಮಂಚ, ಕೊಡೆ, ಕುರ್ಚಿ ಮೂರೂ ಸಾಕ್ಷಿ ಇದ್ದುದರಿಂದ ನಾನು ಎದ್ದು ಹೊರಗೆ ಬಂದೆ.

ಹೊರಗೆ ಬಂದರೆ ಎದುರಿಗೆ ಎರಡನೆಯ ಆಕ್ಷೇಪಣೆ ಗುಡ್ಡದಷ್ಟೇ ದೊಡ್ಡದಾಗಿ ನಿಂತಿತ್ತು. ನಮ್ಮ ಮನೆ ಇರುವುದು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿನಲ್ಲಿ, ಗಣಿ ಕಾರ್ಮಿಕರಿಗೆಂದು ಕಟ್ಟಿದ ಹಳೆಯ ಲೈನ್ ಮನೆಗಳ ಸಾಲಿನಲ್ಲಿ. ಎದುರಿಗೇ ಸೈನೈಡ್ ಗುಡ್ಡ. ಚಿನ್ನ ಬೇಕಿದ್ದವರು ಕಲ್ಲು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದುಕೊಂಡು ಹೋದರು, ಉಳಿದ ಪುಡಿಯನ್ನು ಗುಡ್ಡ ಮಾಡಿ ನಮಗೆ ಬಿಟ್ಟರು. ಗಾಳಿಕಾಲದಲ್ಲಿ ಆ ಪುಡಿ ಬಾಗಿಲು ಹಾಕಿದ್ದರೂ ಒಳಗೆ ಬರುತ್ತದೆ. ಮುದ್ದೆಯಲ್ಲಿ ಬರುತ್ತದೆ, ಹಾಸಿಗೆಯಲ್ಲಿ ಬರುತ್ತದೆ, ಬೀಗ ಹಾಕಿದ ಪೆಟ್ಟಿಗೆಯೊಳಗಿನ ನನ್ನ ಬಿ.ಎಡ್. ಸರ್ಟಿಫಿಕೇಟಿನ ಮೇಲೂ ಇದೆ. ಮಡಚುವ ಫೋನಿಗೆ ನೀರಿಗಿಂತ ದೂಳಿನದೇ ಭಯ, ಕೀಲಿನೊಳಗೆ ಒಂದು ಹರಳು ಸೇರಿದರೆ ಕಥೆ ಮುಗಿಯಿತು ಎಂದು ಫೋನಿನ ಬಗ್ಗೆ ಮಾತಾಡುವವರೆಲ್ಲ ಹೇಳುತ್ತಿದ್ದರು. ಅವರು ಒಂದು ಹರಳಿಗೆ ಹೆದರುವವರು. ನಮ್ಮಲ್ಲಿ ಗುಡ್ಡವೇ ಇದೆ.

ಹೀಗೆ ತಿಂಗಳುಗಟ್ಟಲೆ ತೂಗಿದೆ. ಬೆಳಗ್ಗೆ ಸ್ಕೂಟರಿನಲ್ಲಿ ಕ್ಯಾಸಂಬಳ್ಳಿಯ ಶಾಲೆಗೆ ಹೋಗುವಾಗ ಕೊಳ್ಳಬೇಕು ಎನ್ನಿಸುತ್ತಿತ್ತು, ವಾಪಸು ಬರುವಾಗ ಬೇಡ ಎನ್ನಿಸುತ್ತಿತ್ತು. ಪರದೆ ದೊಡ್ಡದು, ನಿಜ, ಆದರೆ ನಟ್ಟನಡುವೆ ಒಂದು ಗೆರೆ. ಮಡಚಿದರೆ ಚಿಕ್ಕದು, ನಿಜ, ಆದರೆ ಅಂಗಿ ಜೇಬು ಹೊಟ್ಟೆಯವರೆಗೆ ಜೋತುಬೀಳುತ್ತದೆ. ಕೆಟ್ಟರೆ ರಿಪೇರಿ ಮಾಡುವವರು ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಶಾಲೆಯಲ್ಲಿ ಸಹೋದ್ಯೋಗಿಗಳು ಮೊದಲು ಸಲಹೆ ಕೊಡುತ್ತಿದ್ದರು, ಆಮೇಲೆ ನನ್ನನ್ನು ಕಂಡರೆ ತರಗತಿಗೆ ಹೊರಡುತ್ತಿದ್ದರು. ನನ್ನಿಂದ ಶಾಲೆಯ ಪಾಠ ಸುಧಾರಿಸಿತು ಎಂದು ಮುಖ್ಯೋಪಾಧ್ಯಾಯರೇ ಹೇಳಿದರು.

ಈ ಸ್ಥಿತಿಯಲ್ಲಿದ್ದಾಗ ಮುನಿರಾಜು ದಸರಾಕ್ಕೆ ಒಂದು ವಾರ ಮುಂಚೆ ಮನೆಗೆ ಬಂದು ದಾನಶೂರನ ಹಾಗೆ ಮಾತಾಡಿದ. "ಬಾವ, ಸುಮ್ಕೆ ಯಾಕೆ ಒದ್ದಾಡ್ತೀರಾ, ನನ್ ಫೋನೇ ಒಂದ್ ವಾರ ಮಡೀಕೊಂಡು ನೋಡಿ. ನಿಮ್ದು ನಂಗೆ ಕೊಡಿ. ವಿಜಯದಶಮಿ ದಿನ ಊಟಕ್ ಬತ್ತೀನಲ್ಲ, ಆವಾಗ ಬದಲಾಯಿಸ್ಕೊಳ್ಳಾನ." ನನಗೆ ಕಣ್ಣು ತುಂಬಿ ಬಂತು. ಕುರ್ಚಿಯ ವಿಷಯವನ್ನು ಅಲ್ಲೇ ಮರೆತೆ. ಸಿಮ್ಮು ಬದಲಾಯಿಸಿಕೊಂಡೆವು. ಹೋಗುವಾಗ ಅವನು ಒಂದೇ ಒಂದು ಮಾತು ಹೇಳಿದ: ಹೇಗೆ ಕೊಟ್ಟಿದ್ದೇನೋ ಹಾಗೇ ವಾಪಸು ಕೊಟ್ಟರೆ ಸಾಕು. ಬಾಗಿಲಲ್ಲಿ ನಿಂತಿದ್ದ ಸರೋಜ, ತಮ್ಮನ ಸಾಮಾನಿಗೆ ಏನಾದರೂ ಆದರೆ ತನಗೆ ತವರಿನವರ ಮುಂದೆ ಮುಖ ಎತ್ತಲಾಗುವುದಿಲ್ಲ ಎಂದು ನನಗೆ ಕೇಳುವಂತೆ ಹೇಳಿದಳು.

ಆ ವಾರ ನಾನು ಫೋನನ್ನು ಹಸುಗೂಸಿನ ಹಾಗೆ ನೋಡಿಕೊಂಡೆ. ಗಾಳಿ ಬೀಸಿದರೆ ಕರವಸ್ತ್ರ ಹೊದಿಸಿದೆ. ಗೆರೆ ನಿಜಕ್ಕೂ ಇತ್ತು. ವಾರ್ತೆ ಓದುವ ಹೆಣ್ಣುಮಗಳ ಮುಖ ಮೂಗಿನ ಹತ್ತಿರ ಎರಡು ಭಾಗವಾಗಿ ಸೇರಿಸಿದಂತೆ ಕಾಣುತ್ತಿತ್ತು. ಆದರೂ ಬಿಡಿಸಿ ಹಿಡಿದಾಗ ಸುತ್ತಲಿನವರು ನೋಡುವ ನೋಟವಿದೆಯಲ್ಲ, ಅದರ ಮುಂದೆ ಗೆರೆ ಏನು ಮಹಾ. ಓದುವುದಕ್ಕೇ ಫೋನು ಬೇಕು ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದುದು ಅಷ್ಟೇನೂ ನಿಜವಲ್ಲ ಎಂದು ನನಗೇ ಅನುಮಾನ ಬಂತು. ಆ ವಾರವೆಲ್ಲ ನಾನು ಓದಿದ್ದು ಕಡಿಮೆ, ಬಿಡಿಸಿದ್ದು ಹೆಚ್ಚು.

ಆಯುಧ ಪೂಜೆ ಬಂತು. ನಮ್ಮೂರಿನಲ್ಲಿ ಈ ಹಬ್ಬಕ್ಕೆ ಇರುವ ಗತ್ತು ಬೇರೆ ಯಾವುದಕ್ಕೂ ಇಲ್ಲ. ಗಣಿ ಮುಚ್ಚಿ ಕಾಲವಾಯಿತು, ಪೂಜೆ ಮುಚ್ಚಿಲ್ಲ. ನಮ್ಮ ಜೊತೆಯಲ್ಲೇ ಇರುವ ಅತ್ತೆಯವರು, ಅಂದರೆ ಸರೋಜ ಮತ್ತು ಮುನಿರಾಜುವಿನ ತಾಯಿ, ಅವತ್ತು ಬೆಳಗ್ಗೆಯಿಂದ ಯಾರ ಮಾತನ್ನೂ ಕೇಳುವುದಿಲ್ಲ. ಮಣೆಯ ಮೇಲೆ ತೀರಿಹೋದ ಮಾವನವರ ಗಣಿ ಟೋಪಿ, ಅವರ ಸುತ್ತಿಗೆ, ಸರೋಜಳ ಕತ್ತರಿ, ಈಳಿಗೆ ಮಣೆ, ನನ್ನ ಸೀಮೆಸುಣ್ಣದ ಡಬ್ಬಿ ಎಲ್ಲವೂ ಬಂದವು. ಪಕ್ಕದಲ್ಲಿ ಹೊಲಿಗೆ ಮಿಷಿನ್ನು. ಅಂಗಳದಲ್ಲಿ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ ಸ್ಕೂಟರು. ಸಂಜೆ ಸಾಲಿನವರೆಲ್ಲ ಪುರಿ ಕಡಲೆಗೆ ಬರುತ್ತಾರೆ ಎಂಬುದು ನನಗೆ ನೆನಪಾಯಿತು. ಫೋನನ್ನು ಒಯ್ದು, ಅರ್ಧ ಬಿಡಿಸಿ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ ಮಾವನವರ ಟೋಪಿಯ ಮುಂದೆ ನಿಲ್ಲಿಸಿದೆ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ನಿಲ್ಲಿಸಿ ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಹೊರಗೆ ಹೋದೆ.

ವಾಪಸು ಬರುವಷ್ಟರಲ್ಲಿ ಅತ್ತೆಯವರು ಗಂಧದ ಬಟ್ಟಲು ಹಿಡಿದು ಸಾಲಾಗಿ ಬರುತ್ತಿದ್ದರು. ಅವರು ಕಂಡಕಂಡಲ್ಲಿ ಬಳಿಯುವವರಲ್ಲ. ಹೊಲಿಗೆ ಮಿಷಿನ್ನಿಗೆ ಚಕ್ರದ ನಡುವೆ, ಕತ್ತರಿಗೆ ಮೊಳೆಯ ಮೇಲೆ, ಬಾಗಿಲಿಗೆ ಕೀಲಿನ ಹತ್ತಿರ. ಫೋನಿನ ಬೆನ್ನಿಗೆ ಕೀಲಿನ ಉದ್ದಕ್ಕೂ ತುದಿಯಿಂದ ತುದಿಗೆ ಕಲಸಿದ ಗಂಧ ತುಂಬಿ, ಮೇಲೆ ಅರಿಶಿನ, ಅದರ ಮೇಲೆ ಕುಂಕುಮ ಒತ್ತಾಗಿತ್ತು. ನಾನು ಬಾಯಿ ಬಿಡುವ ಮೊದಲೇ ಅವರು ವಿವರಿಸಿದರು: "ಎಲ್ಲಿ ತಿರುಗ್ತದೋ ಅಲ್ಲೇ ಇಕ್ಬೇಕಪ್ಪ. ನಿಮ್ಮ ಮಾವ ಅಂಗೇ ಯೋಳ್ತಿದ್ರು. ಗಣಿನಾಗೆ ಹಗ್ಗ ಸುತ್ತೋ ಚಕ್ರಕ್ಕೆ ಮೊದ್ಲು ಅಚ್ಚಿನ ಮೇಲೇ ಇಕ್ತಿದ್ರಂತೆ. ತಿರುಗೋದು ನಿಂತ್ರೆ ಕೆಳಗಿರೋರು ಮೇಲಕ್ ಬರೋದೆಂಗೆ?" ಒರೆಸಲು ಕೈ ಚಾಚಿದೆ. ಪೂಜೆಗಿಟ್ಟದ್ದನ್ನು ನಾಳೆ ಬೆಳಗಿನವರೆಗೂ ಮುಟ್ಟುವ ಹಾಗಿಲ್ಲ ಎಂದು ಕೈ ತಡೆದರು. ಸರೋಜಳ ಮುಖ ನೋಡಿದೆ. ಅವಳು ಮುಖ ಆಚೆ ತಿರುಗಿಸಿದಳು. ಭುಜ ಅಲ್ಲಾಡುತ್ತಿದ್ದುದರಿಂದ ಮಂಚದ ದಿನ ನೆನಪಾಯಿತು.

ಸಂಜೆ ಬಂದವರೆಲ್ಲ ಫೋನನ್ನು ನೋಡಿದರು, ಕೈ ಮುಗಿದರು, ಪುರಿ ತಿಂದರು. ಮಧ್ಯೆ ಒಮ್ಮೆ ಅದು ಚೆಂಡುಹೂವುಗಳ ನಡುವಿನಿಂದ ರಿಂಗಾಯಿತು. ಮುಖ್ಯೋಪಾಧ್ಯಾಯರು. ಎತ್ತುವ ಹಾಗಿರಲಿಲ್ಲ. ಆಮೇಲೆ ಸ್ವತಃ ಮುನಿರಾಜು. ಎಲ್ಲರೂ ಕೂತು ರಿಂಗು ಮುಗಿಯುವವರೆಗೂ ಮಂಗಳಾರತಿ ನೋಡಿದ ಹಾಗೆ ನೋಡಿದೆವು. ಅತ್ತೆಯವರು ಇನ್ನೊಂದು ಹೂವು ಏರಿಸಿದರು.

ಬೆಳಗ್ಗೆ ಎದ್ದವನೇ ಫೋನು ಕೈಗೆತ್ತಿಕೊಂಡೆ. ಗಂಧ ಒಣಗಿ ಗಾರೆಯಾಗಿತ್ತು. ಮಡಚಲು ಹೋದರೆ ಮಡಚಲಿಲ್ಲ, ಬಿಡಿಸಲು ಹೋದರೆ ಬಿಡಲಿಲ್ಲ. ಹಬ್ಬಕ್ಕೆ ಮನೆ ಗುಡಿಸಿದಾಗ ಎದ್ದ ಸೈನೈಡ್ ಪುಡಿ ಕೂಡ ಗಂಧದ ಜೊತೆ ಹದವಾಗಿ ಸೇರಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ, ಊದಿದೆ, ಕೊನೆಗೆ ದೇವರಿಗೆ ಕೈ ಮುಗಿದೆ, ಆದರೆ ದೇವರು ಈ ವಿಷಯದಲ್ಲಿ ಅತ್ತೆಯವರ ಕಡೆ ಇದ್ದ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅವರು ಪಾಪ, ಅಳಿಯನ ಕಷ್ಟ ನೋಡಲಾರದೆ, ಬಾಗಿಲಿಗೆ ಹಾಕುವ ಹರಳೆಣ್ಣೆಯನ್ನು ಬಟ್ಟಲಲ್ಲಿ ತಂದು ಕೀಲಿಗೆ ಧಾರಾಳವಾಗಿ ಬಿಟ್ಟಿದ್ದರು. ಮತ್ತೊಮ್ಮೆ ಬಿಡಿಸಲು ಹೋದೆ, ಕರಕರ ಎಂದು ಒಂದು ಸದ್ದು ಬಂತು. ಫೋನು ಮುಕ್ಕಾಲು ಬಿಡಿಸಿದ ಪುಸ್ತಕದಂತೆ ನಿಂತು, ಅಲ್ಲಿಗೆ ಶಾಶ್ವತವಾಗಿ ನಿಂತೇಬಿಟ್ಟಿತು. ಪರದೆ ಮಾತ್ರ ಹೊಳೆಯುತ್ತಲೇ ಇತ್ತು.

ಮಧ್ಯಾಹ್ನ ಮುನಿರಾಜು ಬಂದಾಗ ನಾನು ಫೋನನ್ನು ಟವೆಲಿನಲ್ಲಿ ಸುತ್ತಿ ಎದುರಿಗಿಟ್ಟು ಟವೆಲು ತೆಗೆದೆ. ನಿಜ ಹೇಳುತ್ತೇನೆ, ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತ್ತು. ಕೆ.ಜಿ.ಎಫ್.ನಲ್ಲಿ ಅದೇನು ಅಸಾಧ್ಯವಲ್ಲ. ಅವನು ಫೋನನ್ನು ಆ ಕಡೆ ಈ ಕಡೆ ತಿರುಗಿಸಿದ, ಮೂಸಿ ನೋಡಿದ.

"ಯಾರು ಗಂಧ ಮೆತ್ತಿರೋದು?"

"ನಾನೇ ಕಣ್ಲಾ," ಎಂದರು ಅತ್ತೆಯವರು ಅಡುಗೆಮನೆಯಿಂದ. "ಮಿಷಿನ್ನಿಗೆ ವರ್ಸಾ ವರ್ಸಾ ಇಕ್ತೀನಿ, ಅದೇನು ನಿಂತೋಗೈತಾ?"

ಅದು ತಮ್ಮ ಮಗನ ಫೋನೆಂದು ಅವರಿಗೆ ಆಗ ತಿಳಿಯಿತು. ಅಡುಗೆಮನೆಯಿಂದ ಹೊರಗೆ ಬಂದು ತೀರ್ಪು ಕೊಟ್ಟೇಬಿಟ್ಟರು: ಯಾರ ಮನೆಯಲ್ಲಿ ಪೂಜೆಗಿಟ್ಟರೋ ಆಯುಧ ಅವರದು, ವಾಪಸು ಕೊಡುವುದು ಶ್ರೇಯಸ್ಸಲ್ಲ. ನಾನು ಮುನಿರಾಜು ಸಿಡಿಯುತ್ತಾನೆಂದು ಕಾದೆ. ಅವನ ಮುಖದಲ್ಲಿ ಸಿಟ್ಟು ಬರಲಿಲ್ಲ. ಮಗಳ ಮದುವೆ ಗೊತ್ತಾದ ತಂದೆಯ ಮುಖದಲ್ಲಿ ಬರುವ ನೆಮ್ಮದಿಯಂಥದೊಂದು ಬಂತು. "ಪರ್ವಾಲೇದು ಬಾವ, ಅಮ್ಮ ಯೋಳಿದ್ ಮೇಲೆ ಆಯ್ತು. ಅದು ನಿಮ್ಗೇ ಇರ್ಲಿ. ನಿಮ್ ಫೋನು ಜೇಬಲ್ಲಿದ್ರೂ ಗೊತ್ತಾಗಕ್ಕಿಲ್ಲ, ಅಕ್ಸರಾನೂ ದಪ್ಪದಪ್ಪಕ್ಕೆ ಚೆನ್ನಾಗ್ ಕಾಣ್ತದೆ. ಅದು ನಂಗಿರ್ಲಿ." ಫೋನನ್ನು ನನ್ನ ಕಡೆ ಸರಿಸಿ, ಎರಡಕ್ಕೂ ಬೆಲೆ ಸರಿಹೋಗಬೇಕಲ್ಲ, ಅಂಗಳದಲ್ಲಿರುವ ಸ್ಕೂಟರೂ ಇದ್ದರೆ ಆಳುಗಳು ಓಡಾಡಲು ಆಗುತ್ತದೆ ಎಂದು ಸೇರಿಸಿದ. ನಾನು ಸರೋಜಳ ಕಡೆ ನೋಡಿದೆ. ಅವಳಿಗೆ ತವರಿನವರ ಮುಂದೆ ಮುಖ ಎತ್ತಬೇಕಾಗಿತ್ತು. ಎತ್ತಿ, ಕೊಡಿ ಎಂಬಂತೆ ಆಡಿಸಿದಳು. ಊಟವಾದ ಮೇಲೆ ಮುನಿರಾಜು ಹಾರ, ಬಾಳೆಕಂದಿನ ಸಮೇತ ನನ್ನ ಸ್ಕೂಟರಿನಲ್ಲಿ ಬಂಗಾರಪೇಟೆಯ ಕಡೆ ಹೊರಟ. ಈ ಫೋನು ಯಾರಾದರೂ ತೆಗೆದುಕೊಂಡರೆ ಸಾಕೆಂದು ಅವನು ಎರಡು ತಿಂಗಳಿಂದ ಗಿರಾಕಿ ಹುಡುಕುತ್ತಿದ್ದ ಎಂಬುದನ್ನು ಸರೋಜ ಆಮೇಲೆ ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದಳು.

ಈಗ ನನಗೆ ಮಡಚುವ ಫೋನಿದೆ. ಮಡಚುವುದಿಲ್ಲ. ಜೇಬಿಗೆ ಹೋಗದ್ದರಿಂದ ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿಯ ಪಕ್ಕ ನಿಂತಿರುತ್ತದೆ. ಹಾಗೆ ನಿಲ್ಲಲು ಒರಗು ಬೇಡ, ಇಳಿಜಾರು ಹೇಳಿಮಾಡಿಸಿದ ಹಾಗಿದೆ ಎಂದು ಸರೋಜಳಿಗೆ ಸಂತೋಷ. ಅವಳು ಅದರಲ್ಲಿ ಅಡುಗೆ ನೋಡುತ್ತಾಳೆ, ಅತ್ತೆಯವರು ತೆಲುಗು ಧಾರಾವಾಹಿ ನೋಡುತ್ತಾರೆ. ಅಷ್ಟು ದೊಡ್ಡ ಪರದೆಗೆ ನಿಮಗೆ ಕನ್ನಡಕ ಯಾಕೆ ಎಂದು ಇಬ್ಬರೂ ಕೇಳುತ್ತಾರೆ, ಯಾಕೆಂದರೆ ನಾನು ಕನ್ನಡಕ ಕೊಂಡಿದ್ದೇನೆ. ಬಸ್ಸಿನ ಟಿಕೆಟ್ಟು ಓದಬೇಕಲ್ಲ. ದಿನವೂ ಬಸ್ಸು ಹಿಡಿಯಲು ಲೈನಿನ ಏರು ಹತ್ತಿ ಇಳಿದು ನನ್ನ ಬಲ ಮಂಡಿ ಹಿಡಿದುಕೊಂಡಿದೆ. ನಿನ್ನೆ ಸಂಜೆ ಮೆಟ್ಟಿಲ ಮೇಲೆ ಕೂತು ಅದನ್ನು ನೀವುತ್ತಿದ್ದಾಗ ಅತ್ತೆಯವರು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ, ಅದೇ ಹರಳೆಣ್ಣೆಯ ಬಟ್ಟಲು ಹಿಡಿದು ಬಂದರು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಪಂಚೆ ಸರಿಸಿ ಕಾಲು ಚಾಚಿದೆ. ಮಡಚಲು ಬರುತ್ತದೋ ಇಲ್ಲವೋ, ಬೆಳಗ್ಗೆ ನೋಡಬೇಕು.