ಕಣ್ಣಿನ ಪರೀಕ್ಷೆಯಲ್ಲಿ ಪಾಸಾದ ಕಾಕಾ

ಶಾಲೆಯ ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾದವರು ನಿಮ್ಮ ಮನೆಯಲ್ಲೂ ಇರಬಹುದು. ಕಣ್ಣಿನ ಪರೀಕ್ಷೆಯಲ್ಲಿ ಕಾಪಿ ಹೊಡೆದವರು? ಅಂಥವರು ನಮ್ಮ ಮನೆಯಲ್ಲಿ ಮಾತ್ರ ಇದ್ದಾರೆ! ಅವರೇ ನಮ್ಮ ಕಾಕಾ, ಅಪ್ಪನ ತಮ್ಮ. ಬೆಳಗಾವಿ ಕಡೆಯಿಂದ ಪುಣೆಗೆ ಬಂದು, ನಿಗಡಿಯಲ್ಲಿ ಮನೆ ಮಾಡಿ, ಕಾರ್ಖಾನೆಯೊಂದರಲ್ಲಿ ತಯಾರಾದ ಬೇರಿಂಗುಗಳಲ್ಲಿ ಗೀರು ಹುಡುಕುವ ಕೆಲಸ ಮಾಡುತ್ತಿದ್ದರು. ಕೂದಲೆಳೆಯಷ್ಟು ಗೀರಿದ್ದರೂ ಅವರ ಕಣ್ಣು ತಪ್ಪಿಸಿ ಆ ಮಾಲು ಗೇಟು ದಾಟುತ್ತಿರಲಿಲ್ಲವಂತೆ. ಆ ಕಣ್ಣಿಗೇ ಗ್ಲಾಕೋಮಾ ಬಂತು. ದೇವರಿಗೆ ಬೇರೆ ಕಣ್ಣು ಸಿಗಲಿಲ್ಲವೇ?

ಕಾಕಾ ಒಪ್ಪಬೇಕಲ್ಲ! ಹಣೆ ಕಂಬಕ್ಕೆ ಬಡಿದರೆ ಯಾರೋ ಬೇಕೆಂದೇ ಕಂಬ ಸರಿಸಿರುತ್ತಿದ್ದರು. ಒಮ್ಮೆ ಸೀರೆ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದ್ದ ಬೊಂಬೆಗೆ ಕೈಮುಗಿದು, "ಕಶಾ ಆಹಾತ, ವಹಿನಿ?" ಎಂದು ಮರಾಠಿಯಲ್ಲಿ ಕುಶಲ ವಿಚಾರಿಸಿದರು. ಉತ್ತರ ಬರಲಿಲ್ಲ.

"ಈಗಿನ ಮಂದಿಗೆ ಭಾಳ ಸೊಕ್ಕು ಬಂದದ" ಎಂದರು. ಬೊಂಬೆಗೆ!

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೊಂದು ದಿನ ಕುದಿಯುವ ಚಹಾವನ್ನು ಕಪ್ಪಿಗೆ ಬಗ್ಗಿಸಲು ಹೋಗಿ ತಮ್ಮ ಕೈಮೇಲೆ ಸುರಿದುಕೊಂಡರು. ಅಲ್ಲಿಗೆ ನಮ್ಮ ನಗು ನಿಂತಿತು.

ಕಾರ್ಖಾನೆಯವರು ಮನೆಗೆ ಕಳಿಸಿದರು. ಮಕ್ಕಳಿಲ್ಲದ ಸಂಸಾರ, ಕಾಕಾನ ಹೆಂಡತಿ, ಮೊಣಕಾಲು ನೋವಿನ ನಮ್ಮ ಕಾಕು, ಕಂಡವರ ಮನೆಗಳಲ್ಲಿ ಚಪಾತಿ ಲಟ್ಟಿಸಲು ಹೊರಟರು. ನಾನೇ ಓಡಾಡಿ ಅಂಗವಿಕಲರ ಪಿಂಚಣಿಗೆ ಕಾಕಾನ ಅರ್ಜಿ ಹಾಕಿಸಿದೆ. ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆಯೂ ಆಯಿತು. ಅವತ್ತು ಸಾಲು ಬಾಗಿಲಾಚೆಗೂ ಬೆಳೆದಿತ್ತು, ಗೋಡೆಯ ಮೇಲಿನ ಅಕ್ಷರ ಓದಿಸಿ ಕಳಿಸುತ್ತಿದ್ದರು. ಕೆಲವು ವಾರಗಳ ಮೇಲೆ ಉತ್ತರ ಬಂತು: ಅರ್ಜಿ ತಿರಸ್ಕೃತ. ದೃಷ್ಟಿ ಚೆನ್ನಾಗಿದೆಯಂತೆ!

"ಅದ್ಹೆಂಗ ಓದಿದ್ರಿ ಕಾಕಾ?"

"ಮುಂದಿನ ಅಜ್ಜ ಜೋರಾಗಿ ಓದಾಕತ್ತಿದ್ದ. ಕೇಳಿ ಬಾಯಿಪಾಠ ಮಾಡಿದೆ."

"ಯಾಕ್ರಿ?"

"ಆ ಡಾಕ್ಟರ್ ಹುಡುಗಿ, ‘ದಿಸ್ತಯ ಕಾ, ಆಜೋಬಾ?’ ಅಂದ್ಲು. ಕಾಣ್ತದೇನು ಅಜ್ಜಾ ಅಂತ! ನನಗ! ಸಿಟ್ಟು ಬಂತು, ಎಲ್ಲಾ ಓದಿಬಿಟ್ಟೆ."

"ಕೆಳಗಿನ ಸಣ್ಣ ಸಾಲೂ?"

"ಅದನ್ನ ಇನ್ನೂ ಜೋರಾಗಿ ಓದಿದೆ."

ಕಾಕು ತಲೆಯ ಮೇಲೆ ಕೈಹೊತ್ತು ಕೂತರು.

ಮೇಲ್ಮನವಿ ಹಾಕೋಣವೆಂದರೆ ಕಾಕಾ ಕೆರಳಿದರು. "ನಾ ಕುರುಡ ಅಂತ ನಾನೇ ಬರದು ಕೊಡ್ಲಿ? ಸಾಧ್ಯ ಇಲ್ಲ." ನಾನು ಬೇಡಿಕೊಂಡೆ, ಜಗಳವಾಡಿದೆ, ಮಾತು ಬಿಟ್ಟೂ ನೋಡಿದೆ. ಕಾಕಾ ಜಗ್ಗಲಿಲ್ಲ. ಕಾಕು ಮಾತ್ರ ಬೆಳಿಗ್ಗೆ ಎದ್ದು, ಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೆಲಸಕ್ಕೆ ಹೋಗುತ್ತಲೇ ಇದ್ದರು.

ಮಳೆಗಾಲದಲ್ಲಿ ಕಾಕು ಬಚ್ಚಲಲ್ಲಿ ಜಾರಿಬಿದ್ದರು. ಮುಂಗೈ ಮುರಿಯಿತು. "ಇಲ್ಲಿದೀನ್ರಿ, ಇಲ್ಲಿ" ಎಂದು ಅವರು ಕೂಗಿದ್ದು ಕೇಳಿ ಕಾಕಾ ಗೋಡೆ ತಡವುತ್ತ ಓಡಿಬಂದರು. ಬಂದವರು ಆ ಮುರಿದ ಕೈಯ ಮೇಲೇ ಕಾಲಿಟ್ಟರು.

ಸುದ್ದಿ ತಿಳಿದು ನಾನು ಹೋದಾಗ ಕಾಕುವಿನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗಿತ್ತು. ಮೂಲೆಯಲ್ಲಿ ಕೂತಿದ್ದ ಕಾಕಾ ನನ್ನ ದನಿ ಕೇಳಿ, "ತಂಗೀ, ಕಾಗದ ತಾ. ಸಹಿ ಎಲ್ಲಿ ಮಾಡ್ಲಿ, ಬೆರಳು ಹಿಡಿದು ತೋರಸು" ಎಂದರು.

ಮೇಲ್ಮನವಿಯ ತಪಾಸಣೆ ಬೇರೆ ಆಸ್ಪತ್ರೆಯಲ್ಲಿ. ಪ್ಲಾಸ್ಟರಿನ ಕೈ ಹೊತ್ತುಕೊಂಡು ಕಾಕುವೂ ಬಂದರು. ಒಳಗೆ ಯಾರೋ ಗೋಡೆಯ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಪಕ್ಕಕ್ಕೆ ತಿರುಗಿ ನೋಡುತ್ತೇನೆ, ನಮ್ಮ ಕಾಕಾ ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು ನಿಂತಿದ್ದಾರೆ! ನನಗೆ ನಗು ಬಂತೋ ಅಳು ಬಂತೋ, ಇವತ್ತಿಗೂ ಗೊತ್ತಿಲ್ಲ.

ಅವರ ಸರದಿ ಬಂತು. ಹಿರಿಯ ಡಾಕ್ಟರು ಗೋಡೆಯತ್ತ ತಿರುಗಿಸಿ, ಏನು ಕಾಣುತ್ತದೆ ಹೇಳಿ ಎಂದರು. ಕಾಕಾ ಗೋಡೆಯತ್ತ ಮುಖ ಎತ್ತಿದರು.

"ಏನೂ ಇಲ್ರಿ" ಎಂದು ಕನ್ನಡದಲ್ಲೇ ಅಂದುಬಿಟ್ಟರು. ಮರಾಠಿ ಮರೆತೇಹೋಗಿತ್ತು. ಡಾಕ್ಟರಿಗೆ ನಾನು ಅನುವಾದ ಮಾಡಿ ಹೇಳಬೇಕಾಯಿತು. ಆಮೇಲೆ ಅವರು ಯಂತ್ರದಲ್ಲೂ ಕಣ್ಣು ಪರೀಕ್ಷಿಸಿ, ತಲೆಯಾಡಿಸಿ, ಬರೆದುಕೊಂಡರು.

ಪಿಂಚಣಿ ಮಂಜೂರಾದದ್ದು ದೀಪಾವಳಿ ಕಳೆದ ಮೇಲೆ. ಆದರೆ ನನಗೆ ನೆನಪಿರುವುದು ಅದಲ್ಲ. ಅವತ್ತು ತಪಾಸಣೆ ಮುಗಿಸಿ ನಾವು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಕಾಕಾ ಕಾಕುವಿನ ಕಡೆ ಮುಖ ಮಾಡಿ, ಮೆಲ್ಲಗೆ ಕೇಳಿದರು:

"ನಿನ್ನ ಮಾರಿ ನೋಡಿ ಭಾಳ ದಿನ ಆತು. ಈಗ ಹೆಂಗ ಅದಿ?"

"ಹೆಂಗಿದ್ದೆ ಹಂಗ ಅದೀನ್ರಿ. ಕೂದಲಾ ಸೈತ ಹಣ್ಣಾಗಿಲ್ಲ" ಎಂದರು ಕಾಕು.

ಎಂದವರೇ, ಪ್ಲಾಸ್ಟರಿಲ್ಲದ ಕೈಯಿಂದ ಸೆರಗೆಳೆದು ತಮ್ಮ ಬೆಳ್ಳನೆಯ ತಲೆಯನ್ನು ಲಗುಬಗೆಯಿಂದ ಮುಚ್ಚಿಕೊಂಡರು, ಎಲ್ಲಿ ಕಾಕಾನಿಗೆ ಕಂಡುಬಿಡುತ್ತದೋ ಎಂಬಂತೆ.