ಕೆನಡಾಕ್ಕೆ ಮೇಸ್ತ್ರಿಯ ಸಾಕ್ಷಿ

ದೊಡ್ಡ ಮೇಸ್ತ್ರಿ ತೀರಿಕೊಂಡ ಸುದ್ದಿ ಬಂದಾಗ ಗಾರೆಯಣ್ಣ ಹಲ್ಲುಜ್ಜುತ್ತಿದ್ದ.

“ಅಣ್ಣಾ, ಅಪ್ಪ ಹೋಗಿಬಿಟ್ರು” ಎಂದು ಮೇಸ್ತ್ರಿಯ ಮಗಳು ಫೋನಿನಲ್ಲಿ ಅತ್ತಳು.

ಬಾಯಿತುಂಬ ನೊರೆ ಇಟ್ಟುಕೊಂಡಿದ್ದ ಗಾರೆಯಣ್ಣನಿಂದ ಹೊರಬಿದ್ದ ಮೊದಲ ಮಾತು, “ಇವತ್ತೇನಾ?”

ಆಡಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. ಪಾಪ, ಆಕೆ ಅದನ್ನು ದುಃಖದ ಮಾತೆಂದೇ ತಿಳಿದಳು. “ಹೂಂ ಅಣ್ಣಾ, ಇವತ್ತೇ. ಸಂಜೆ ಒಳಗೆ ಎಲ್ಲಾ ಮುಗಿಸ್ತಾರಂತೆ. ಬೇಗ ಬಾ” ಎಂದಳು.

ಮೀಸೆ ಚಿಗುರುವ ಮೊದಲೇ ಆ ಮೇಸ್ತ್ರಿಯ ಕೈಕೆಳಗೆ ಕರಣೆ ಹಿಡಿದವನು ಗಾರೆಯಣ್ಣ. ಗೋಡೆಗೆ ಗಾರೆ ಬಳಿದು ನುಣುಪು ಮಾಡುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಆದರೆ ಈಗೀಗ ಗೋಡೆಗಳೇ ಸಿದ್ಧವಾಗಿ ಲಾರಿಯಲ್ಲಿ ಬಂದು ಇಳಿಯುತ್ತಿದ್ದವು. ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಪುಣ್ಯ. ಅಂಥ ಹೊತ್ತಿನಲ್ಲಿ ಕೆನಡಾದ ಕಂಪನಿಯೊಂದು ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಲು ಕೈಗೆಲಸ ಬಲ್ಲ ಗಾರೆಯವರನ್ನು ಕರೆಯಿತು. ಗಾರೆಯಣ್ಣ ಅರ್ಜಿ ಹಾಕಿದ. ಪರೀಕ್ಷೆಗೆ ಗೋಡೆ ಬಳಿದು ತೋರಿಸಿದ. ವೈದ್ಯರು ನಾಲಿಗೆ ಚಾಚು ಎಂದರೆ ಚಾಚಿದ. ನಿನ್ನ ಕೆಲಸದ ಬಗ್ಗೆ ಸಾಕ್ಷಿ ಹೇಳುವವರು ಯಾರು ಎಂದು ಕೇಳಿದಾಗ ಮೇಸ್ತ್ರಿಯ ಫೋನ್ ನಂಬರು ಕೊಟ್ಟ.

ಆದರೆ ಆ ಸಂಗತಿಯನ್ನು ಮೇಸ್ತ್ರಿಗೆ ಮಾತ್ರ ಹೇಳಿರಲಿಲ್ಲ. “ನಾನು ಹೋದ ಮೇಲೆ ಈ ಕೆಲಸಗಾರರೆಲ್ಲ ನಿನ್ನ ಪಾಲು ಕಣೋ” ಎನ್ನುತ್ತಿದ್ದ ಮುದುಕನ ಮುಂದೆ ‘ನಾನೇ ಹೊರಟೆ’ ಎನ್ನುವುದು ಹೇಗೆ? ಪ್ರತಿ ಭಾನುವಾರ ಹೇಳಿಬಿಡುತ್ತೇನೆಂದು ಹೋಗುತ್ತಿದ್ದ. ಚಹಾ ಕುಡಿದು, ಮರಳಿನ ವಿಷಯ ಮಾತಾಡಿ, ಹೋದ ಹಾಗೆಯೇ ಹಿಂದಿರುಗುತ್ತಿದ್ದ. ಈಚೆಗೆ ಮೇಸ್ತ್ರಿ ಹಾಸಿಗೆ ಹಿಡಿದ ಮೇಲಂತೂ ಹೋಗುವುದನ್ನೇ ಬಿಟ್ಟಿದ್ದ.

ನಿನ್ನೆ ಏಜೆಂಟಿನ ಕಚೇರಿಯಿಂದ ಫೋನು ಬಂದಿತ್ತು. “ನಾಳೆ ಸಂಜೆ ಕಂಪನಿಯವರು ವಿಡಿಯೋದಲ್ಲಿ ಮಾತಾಡ್ತಾರೆ. ನಿಮ್ಮ ಗುರುಗಳ ವಿಷಯಾನೂ ಇದೆಯಂತೆ.” ಇಂದು ಬೆಳಗ್ಗೆಯೇ ಹೋಗಿ, ಕಾಲಿಗೆ ಬಿದ್ದು, ಎಲ್ಲ ಹೇಳಿ, ನಾಲ್ಕು ಮಾತು ಆಡಿಸಬೇಕೆಂದು ಅವನು ಲೆಕ್ಕ ಹಾಕಿದ್ದ. ಭಗವಂತ ಅದಕ್ಕಿಂತ ಬೇಗ ಎದ್ದಿದ್ದ.

ಗಾರೆಯಣ್ಣ ಚಪ್ಪಲಿ ಮೆಟ್ಟಿ ಹೊರಟವನು ಮೆಟ್ಟಿಲು ಇಳಿಯುವುದರೊಳಗೆ ಪಕ್ಕದ ಮನೆಯ ಸಲಹೆ ಮಾಮ ಅಡ್ಡ ಬಂದ. ಈತ ನಿವೃತ್ತ ಗುಮಾಸ್ತ. ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಬೆಂಕಿ ಸಣ್ಣ ಮಾಡಲು ಇವನೇ ಹೇಳಬೇಕು.

“ಎಲ್ಲಿಗೆ?”

“ಮೇಸ್ತ್ರಿ ಹೋಗ್ಬಿಟ್ರು ಮಾಮ. ಮುಖ ನೋಡ್ಕೊಂಡು ಬರ್ತೀನಿ.”

“ಅಯ್ಯೋ ದೇವರೇ! ಸಂಜೆ ಸಾಕ್ಷಿ ಯಾರು ಹೇಳ್ತಾರೆ?”

“ಅವರು ಇಲ್ಲ ಅಂತ ನಿಜಾನೇ ಹೇಳ್ತೀನಿ.”

“ನಿಜ ಹೇಳ್ತಾನಂತೆ! ಸಾಕ್ಷಿ ಹೇಳೋರು ಆ ದಿನವೇ ಸತ್ತರು ಅಂದ್ರೆ ಯಾರು ನಂಬ್ತಾರೋ? ಶಾಲೆಗೆ ರಜೆ ಹಾಕೋಕೆ ಅಜ್ಜೀನ ಸಾಯಿಸಿದ ಹಾಗಿರುತ್ತೆ. ನಿನ್ನ ಜಾಗಕ್ಕೆ ಅಲ್ಲಿ ಬೇರೊಬ್ಬ ನಿಂತಿರ್ತಾನೆ, ನೆನಪಿರಲಿ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಬಿಳುಚಿಕೊಂಡಿತು. “ರೀ, ಎರಡು ವರ್ಷ ಓಡಾಡಿದ್ದೀರಿ. ಮಾಮ ಹೇಳೋದನ್ನ ಒಂದು ಸಲ ಕೇಳಿ” ಎಂದಳು. ಅವಳ ಹಿಂದೆ ಕಾಣುತ್ತಿದ್ದ ಗೋಡೆ ಉಪ್ಪುಗಟ್ಟಿ ಉದುರುತ್ತಿತ್ತು. ಊರಿನ ಗೋಡೆಗಳನ್ನೆಲ್ಲ ಕನ್ನಡಿ ಮಾಡಿದವನ ಬಾಡಿಗೆಮನೆಯ ಗೋಡೆ ಅದು. ಗಾರೆಯಣ್ಣ ಚಪ್ಪಲಿ ಬಿಚ್ಚಿದ.

ಸಲಹೆ ಮಾಮ ಬೀದಿಯ ಸಲೂನಿನವನನ್ನು ಕರೆತಂದ. ನಾಟಕಗಳಲ್ಲಿ ಮುದುಕನ ಪಾತ್ರವೆಂದರೆ ಇವನದೇ. ವಿಷಯ ಕೇಳಿದ ಕೂಡಲೇ ಅವನ ಬೆನ್ನು ತಾನಾಗಿಯೇ ಬಾಗಿತು.

“ನಿಮ್ಮ ಮೇಸ್ತ್ರಿ ಹೇಗೆ ಕೂರ್ತಿದ್ರು, ಹೇಗೆ ಕೆಮ್ಮುತ್ತಿದ್ರು, ಎಲ್ಲಾ ಹೇಳು. ಮಿಕ್ಕಿದ್ದು ನನಗೆ ಬಿಡು.”

“ಕೆಮ್ಮುತ್ತಿರಲಿಲ್ಲ. ಒಣಗಿದ ಗೋಡೆಗೆ ಕಿವಿಯಿಟ್ಟು, ಬೆರಳಿನ ಗೆಣ್ಣಿನಿಂದ ತಟ್ಟಿ ನೋಡೋರು. ಒಳಗೆ ಪೊಳ್ಳಿದ್ರೆ ಸದ್ದು ಬೇರೆ ಬರುತ್ತೆ. ಆಗ ಒಂದು ಕಣ್ಣು ಮುಚ್ಚಿ, ‘ಕೆಡವು ಮಗಾ, ಇನ್ನೊಂದು ಸಲ ಮಾಡು’ ಅನ್ನೋರು. ಬೈತಾ ಇರಲಿಲ್ಲ.”

ಸಲೂನಿನವನು ಗೋಡೆಯ ಬಳಿ ಹೋದ. ಕಿವಿಯಿಟ್ಟ. ತಟ್ಟಿದ. ಒಂದು ಕಣ್ಣು ಮುಚ್ಚಿ, “ಕೆಡವು ಮಗಾ” ಎಂದ.

ಕುರ್ಚಿಯಲ್ಲಿ ಕೂತಿದ್ದ ಗಾರೆಯಣ್ಣ ಥಟ್ಟನೆ ಎದ್ದು ಕೈಕಟ್ಟಿ ನಿಂತುಬಿಟ್ಟ. ನಿಂತವನು ಗೊಳೋ ಎಂದು ಅತ್ತ. ಬೆಳಗಿನಿಂದ ಬಾರದಿದ್ದ ಅಳು ಈಗ ಒಡ್ಡು ಒಡೆದ ಹಾಗೆ ಬಂತು.

“ಪಾತ್ರ ಗೆದ್ದಿತು!” ಎಂದು ಸಲೂನಿನವನು ಹಿಗ್ಗಿದ.

ಮಧ್ಯಾಹ್ನ ಗಾರೆಯಣ್ಣ ಇನ್ನೊಮ್ಮೆ ಹೊರಟ. ಬಸ್ ನಿಲ್ದಾಣದವರೆಗೂ ಹೋಗಿದ್ದ. ಸಲಹೆ ಮಾಮ ಏದುಸಿರು ಬಿಡುತ್ತ ಬಂದು ತೋಳು ಹಿಡಿದ. “ಎರಡು ಬಸ್ಸು ಬದಲಿಸಿ ಹೋಗಿ, ಸಮಯಕ್ಕೆ ಸರಿಯಾಗಿ ಹೇಗೋ ಬರ್ತೀಯ? ಹೋದವರು ಎಲ್ಲಿಗೂ ಹೋಗಲ್ಲ. ಈ ಫೋನ್ ಮುಗಿಸ್ಕೊಂಡು ಹೋಗು.” ಬಸ್ಸು ಬಂತು, ಹೋಯಿತು. ಗಾರೆಯಣ್ಣ ಅದರ ಹಿಂಭಾಗವನ್ನು ನೋಡುತ್ತ ನಿಂತಿದ್ದ.

ಸಂಜೆಯ ಹೊತ್ತಿಗೆ ಸಲೂನಿನವನ ತಲೆಗೂ ಮೀಸೆಗೂ ಒಂದು ಡಬ್ಬಿ ಪೌಡರು ಖರ್ಚಾಗಿತ್ತು. ಸಲಹೆ ಮಾಮ ಬೇಕಾದಾಗ ಉತ್ತರ ಹೇಳಿಕೊಡಲೆಂದು ಮಂಚದ ಕೆಳಗೆ ಮಲಗಿದ. ಹೆಂಡತಿ ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಅದು ಗಂಟೆ ಬಾರಿಸಿದಂತೆ ಹೊಡೆದುಕೊಂಡಿತು.

ಪರದೆಯ ಮೇಲೆ ಕನ್ನಡ ಬಲ್ಲ ಹೆಂಗಸೊಬ್ಬರು ಮೂಡಿದರು. ಅವರ ಪಕ್ಕದಲ್ಲಿ ಕಂಪನಿಯ ಯಜಮಾನ. ಇಬ್ಬರ ಮುಖವೂ ಗಂಭೀರವಾಗಿತ್ತು.

“ನಮಸ್ಕಾರ. ನಿಮ್ಮ ಗುರುಗಳ ವಿಷಯ...” ಎಂದು ಆಕೆ ಮೆಲ್ಲಗೆ ಶುರುಮಾಡುವಷ್ಟರಲ್ಲಿ ಗಾರೆಯಣ್ಣ ಗಾಬರಿಯಿಂದ, “ಇಲ್ಲೇ ಇದ್ದಾರೆ ಮೇಡಂ! ಇವರೇ ನಮ್ಮ ಮೇಸ್ತ್ರಿ!” ಎಂದುಬಿಟ್ಟ.

ಆಕೆ ಬಾಯಿ ತೆರೆದದ್ದು ಹಾಗೆಯೇ ಇತ್ತು. ಆಮೇಲೆ ಯಜಮಾನನ ಕಿವಿಯಲ್ಲಿ ಏನೋ ಹೇಳಿದರು. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

“ಇವರಾ?”

“ನಾನೇ ತಾಯಿ” ಎಂದ ಸಲೂನಿನವನು, ಬೆನ್ನನ್ನು ಇನ್ನಷ್ಟು ಬಾಗಿಸಿ.

“ಆರೋಗ್ಯ ಹೇಗಿದೆ?”

“ಕಲ್ಲುಗುಂಡಿನ ಹಾಗಿದ್ದೀನಿ. ಇನ್ನೂ ಇಪ್ಪತ್ತು ವರ್ಷಕ್ಕೆ ಮೋಸವಿಲ್ಲ.”

“ಬೆಳಗ್ಗೆಯೂ ಹೀಗೇ ಇದ್ರಾ?”

“ಬೆಳಗ್ಗೆ ಇದಕ್ಕಿಂತ ಚೆನ್ನಾಗಿದ್ದೆ!”

ಆಕೆ ಏನೋ ಬರೆದುಕೊಂಡರು. “ಹಾಗಾದ್ರೆ ಗೋಡೆ ನುಣುಪು ಮಾಡೋದು ಹೇಗೆ, ಹೇಳಿ.”

ಮಂಚದ ಕೆಳಗಿನಿಂದ ಯಾವ ಸದ್ದೂ ಬರಲಿಲ್ಲ. ಸಲಹೆ ಮಾಮನಿಗೆ ಗಾರೆಯ ಗಂಧವೇ ಇರಲಿಲ್ಲ. ಸಲೂನಿನವನು ತನಗೆ ಗೊತ್ತಿದ್ದುದನ್ನೇ ಹೇಳಿದ. “ಮೊದಲು ಚೆನ್ನಾಗಿ ನೀರು ಹಾಕಿ ನೆನೆಸ್ಬೇಕು. ಆತುರ ಪಟ್ರೆ ಗಾಯ ಆಗುತ್ತೆ. ಮೇಲಿಂದ ಕೆಳಕ್ಕೆ ಎಳೆದು, ಆಮೇಲೆ ಕೆಳಗಿಂದ ಮೇಲಕ್ಕೆ ಒಂದು ಕೈ. ಕಿವಿ ಹತ್ತಿರ ಹುಷಾರು.”

“ಗೋಡೆಗೆ ಕಿವಿನಾ?”

“ಕೆನಡಾದ ಗೋಡೆ ಹೇಗಿರುತ್ತೋ ನಮಗೇನು ಗೊತ್ತು ತಾಯಿ?”

ಬೆವರು ಇಳಿಯತೊಡಗಿತ್ತು. ಸಲೂನಿನವನ ಮೀಸೆ ಒಂದು ಪಕ್ಕ ಎಪ್ಪತ್ತರದಾಗಿ, ಇನ್ನೊಂದು ಪಕ್ಕ ನಲವತ್ತರದಾಗಿ ಕಾಣಿಸಿತು. ಮಂಚದ ಕೆಳಗೆ ಪೌಡರು ಮೂಗಿಗೇರಿ ಸಲಹೆ ಮಾಮ ಸೀನಿದ. ಮಂಚ ಒಂದು ಗೇಣು ಎದ್ದು ಕೂತಿತು.

“ಅದೇನು?”

“ಮನೆ ಹಳೇದು ಮೇಡಂ” ಎಂದ ಗಾರೆಯಣ್ಣ.

“ಇರಲಿ. ಹೋದ ವಾರ ನಮ್ಮ ಹತ್ತಿರ ಮಾತಾಡಿದ್ದು ನೆನಪಿದೆಯಾ?” ಎಂದು ಆಕೆ ಸಲೂನಿನವನನ್ನು ಕೇಳಿದರು.

“ಓ, ನೆನಪಿಲ್ಲದೆ ಏನು!”

ಗಾರೆಯಣ್ಣ ಫೋನಿನ ಹತ್ತಿರಕ್ಕೆ ಬಾಗಿದ. ಹೋದ ವಾರ? ಮೇಸ್ತ್ರಿಗೆ ಇವರು ಫೋನು ಮಾಡಿದ್ದರೇ?

ಆಕೆ ಈಗ ಅವನ ಕಡೆಗೇ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು.

“ನಿಮ್ಮ ಗುರುಗಳು ಹೋದ ವಾರವೇ ಸಾಕ್ಷಿ ಹೇಳಿ ಮುಗಿಸಿದ್ದಾರೆ. ಉಸಿರು ಕಟ್ಟುತ್ತಿದ್ರೂ ತುಂಬಾ ಹೊತ್ತು ಮಾತಾಡಿದ್ರು. ‘ನನಗಿಂತ ಅವನ ಕೈ ಚೆನ್ನ. ಅವನು ಹೊರಡ್ತಾನೆ ಅಂತ ನನಗೆ ಹೇಳೋಕೆ ಹೆದರಿದ್ದಾನೆ, ನನಗೆ ಗೊತ್ತಾಗಿದೆ ಅಂತ ನೀವೂ ಅವನಿಗೆ ಹೇಳ್ಬೇಡಿ, ಅವನೇ ಬಂದು ಹೇಳಲಿ’ ಅಂದ್ರು. ‘ಹುಡುಗನಿಗೆ ಸುಳ್ಳು ಹೇಳೋಕೆ ಬರಲ್ಲ, ಅದೊಂದೇ ಅವನ ದೊಡ್ಡಸ್ತಿಕೆ’ ಅಂದ್ರು. ಆ ಮಾತು ಕೇಳಿಯೇ ನಮ್ಮ ಯಜಮಾನ್ರು ನಿಮ್ಮನ್ನ ಆರಿಸಿದ್ದು.”

ಸಲೂನಿನವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಆಕೆ ಮುಂದುವರಿಸಿದರು.

“ನೀವು ಹೊರಡೋ ದಿನ ಗೊತ್ತಾಗಿತ್ತು. ಅದನ್ನ ಹೇಳಿ, ಅವರ ಮಾತನ್ನ ಇವತ್ತು ನಿಮಗೆ ತಿಳಿಸಬಹುದಾ ಅಂತ ಕೇಳೋಕೆ ಈಗ ಸ್ವಲ್ಪ ಮುಂಚೆ ಅವರಿಗೇ ಮೊದಲು ಫೋನ್ ಮಾಡಿದ್ವಿ. ಮಗಳು ಫೋನ್ ತೆಗೆದು ವಿಷಯ ಹೇಳಿದ್ರು. ಇವತ್ತು ಪರೀಕ್ಷೆ ಏನೂ ಇರಲಿಲ್ಲ. ಸಮಾಧಾನ ಹೇಳಿ, ಬೇಕಿದ್ರೆ ಒಂದು ತಿಂಗಳು ತಡವಾಗಿ ಬನ್ನಿ ಅನ್ನೋಣ ಅಂತಿದ್ವಿ.”

ಯಜಮಾನ ಏನೋ ಅಂದ. ಆಕೆ ಅದನ್ನು ಕನ್ನಡಕ್ಕೆ ತರಲು ಸ್ವಲ್ಪ ತಡವರಿಸಿದರು. “ಕ್ಷಮಿಸಿ. ಇನ್ನು ಬರೋದು ಬೇಡ ಅಂತಾರೆ.”

ಪರದೆ ಕಪ್ಪಾಯಿತು. ಸಲಹೆ ಮಾಮ ಮಂಚದ ಕೆಳಗಿನಿಂದ ತೆವಳಿಕೊಂಡು ಬಂದು, ಮೊಣಕಾಲಿನ ಧೂಳು ಕೊಡವಿಕೊಂಡು, “ನಾನು ಬೆಳಗ್ಗೆಯೇ ಹೇಳಿದ್ದೆ, ನಿಜ ಹೇಳೋದೇ ಒಳ್ಳೇದು ಅಂತ” ಎಂದ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಲೂನಿನವನು ಮೀಸೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದ.

ಗಾರೆಯಣ್ಣ ಎರಡು ಬಸ್ಸು ಬದಲಿಸಿ ಮೇಸ್ತ್ರಿಯ ಮನೆ ತಲುಪಿದಾಗ ಎಲ್ಲ ಮುಗಿದಿತ್ತು. ಅಂಗಳ ತೊಳೆದ ನೀರು ಇನ್ನೂ ಆರಿರಲಿಲ್ಲ. ಮಗಳು ಹೊರಗೆ ಬಂದಳು. ಅತ್ತು ಅತ್ತು ಅವಳ ದನಿ ಕೂತುಹೋಗಿತ್ತು.

“ಬಂದೆಯಾ ಅಣ್ಣಾ? ನಿನಗೋಸ್ಕರ ಸ್ವಲ್ಪ ಹೊತ್ತು ಕಾದ್ರು. ಆಮೇಲೆ ಹಿರಿಯರು ಬೇಡ ಅಂದ್ರು.”

“ತಡ ಆಯ್ತಮ್ಮಾ.”

“ಕೆನಡಾದವರು ಫೋನ್ ಮಾಡಿದ್ರು. ಅಪ್ಪನಿಗೆ ಎಲ್ಲಾ ಗೊತ್ತಿತ್ತು, ನಿನಗೆ ಗೊತ್ತಾ? ಹೋದ ವಾರದಿಂದ ಬಾಗಿಲ ಕಡೆಗೇ ನೋಡ್ತಿದ್ರು. ‘ಇವತ್ತಾದ್ರೂ ಬಂದು ಹೇಳ್ತಾನೆ, ನಗ್ತಾ ಕಳಿಸಿಕೊಡ್ತೀನಿ’ ಅಂತಿದ್ರು. ಹೊರಡೋದು ಯಾವತ್ತಣ್ಣಾ?”

ಗಾರೆಯಣ್ಣ ಬಾಯಿ ತೆರೆದ. ಈ ಹೊತ್ತಿನಲ್ಲಿ ಅವಳಿಗೊಂದು ಸಮಾಧಾನದ ಸುಳ್ಳು ಹೇಳಿದರೂ ನಡೆಯುತ್ತಿತ್ತು. ಅವನಿಂದ ಆಗಲಿಲ್ಲ.

“ಹೋಗ್ತಾ ಇಲ್ಲಮ್ಮಾ. ನನ್ನ ಕೈಯಾರೆ ಕೆಡಿಸ್ಕೊಂಡೆ.”

ಅವಳು ಒಳಗೆ ಹೋಗಿ ಅವನಿಗೊಂದು ಲೋಟ ನೀರು ತಂದುಕೊಟ್ಟಳು. ಅವನು ಕುಡಿದ. ಒದ್ದೆ ಅಂಗಳದಲ್ಲಿ ಮೇಸ್ತ್ರಿ ಹೋದ ದಿಕ್ಕಿಗೆ ತಿರುಗಿ ನಿಂತ. ಎರಡೂ ಕೈ ಜೋಡಿಸಿದ. ತುಟಿ ಅಲುಗಿತು.

“ದೇವರೇ, ನಮ್ಮ ಮೇಸ್ತ್ರಿಯ ಆತ್ಮಕ್ಕೆ ಶಾಂತಿ ಕೊಡು. ಬಿಸಿಲಲ್ಲಿ ದುಡಿದ ಜೀವ ಅದು, ತಂಪಾದ ಜಾಗ ನೋಡಿ ಮಲಗಿಸು. ಇವತ್ತು ಸಂಜೆ ನಮ್ಮ ಮನೇಲಿ ನಡೆದದ್ದನ್ನ ಯಾರೂ ಅವರ ಕಿವಿಗೆ ಹಾಕದ ಹಾಗೆ ನೋಡ್ಕೋ. ನನ್ನ ಬಗ್ಗೆ ಅವರು ಹೇಳಿದ ಮಾತು ನಿಜ ಅಂತಲೇ ನಂಬ್ಕೊಂಡು, ನೆಮ್ಮದಿಯಾಗಿ ಇರಲಿ ತಂದೆ.”