ಕಾವಿಗೆ ಕೂತ ಕೋಳಿಗೆ ಕೋರ್ಟಿನ ಆಜ್ಞೆ

ನಾನು ಓದಿದ್ದು ಎರಡನೆಯ ಇಯತ್ತೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಸಾಲು ಬರೆಯುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಸೀದುಹೋಗುತ್ತದೆ. ಆದರೂ ಕೋರ್ಟಿನ ಮಾತುಗಳ ಅರ್ಥ ಯಾರಾದರೂ ಕೇಳಿದರೆ ಹಿಂದೆ ಸರಿಯುವವಳಲ್ಲ. ಬಸವಕಲ್ಯಾಣದ ಕೋರ್ಟಿನ ಕಟ್ಟೆಯ ಮೇಲೆ ಎರಡು ವರ್ಷ ಕೂತು ಕಲಿತವಳು ನಾನು. ಮೊದಲು ಓಡಿಹೋಗಿ ದೂರಿದವರು ವಾದಿ. ಆಮೇಲೆ ಏದುಸಿರು ಬಿಡುತ್ತ ಹೋದವರು ಪ್ರತಿವಾದಿ. ನಾನು ಪ್ರತಿವಾದಿ, ಏಕೆಂದರೆ ನನಗೆ ಮೊಣಕಾಲು ನೋವು.

ಜಗಳ ಅಂಗಳದ್ದು. ನನ್ನ ಬಾಗಿಲಿಗೂ ನನ್ನ ವಾರಗಿತ್ತಿ ಕಮಲಾಬಾಯಿಯ ಬಾಗಿಲಿಗೂ ನಡುವೆ ಎರಡು ಹೊರಸು, ಅಂದರೆ ಹಗ್ಗದ ಮಂಚ, ಹಿಡಿಯುವಷ್ಟು ಜಾಗ. ಅವಳಿಗೆ ಅಲ್ಲಿ ಬಚ್ಚಲು ಕಟ್ಟಬೇಕು. ನನ್ನ ಮೊಣಕಾಲಿಗೆ ಚಳಿಗಾಲದ ಬಿಸಿಲು ಸಿಗುವುದು ಅಲ್ಲಿ ಮಾತ್ರ. ಬಚ್ಚಲು ಎದ್ದರೆ ನನ್ನ ಸೂರ್ಯ ಅವಳ ಹಂಡೆಯ ಹಿಂದೆ ಹೋಗುತ್ತಾನೆ. ನಾನು ಹೊರಸು ಹಾಕಿ ಕೂತದ್ದಕ್ಕೆ ಕೋರ್ಟಿನಲ್ಲಿ ಕಬ್ಜಾ ಎನ್ನುತ್ತಾರೆ. ಕಮಲಾ ಬಾಗಿಲಲ್ಲಿ ನಿಂತು ಅದಕ್ಕೆ ಬೇರೆ ಮಾತು ಅನ್ನುತ್ತಿದ್ದಳು, ಅದನ್ನು ಬರೆಯಲಾಗದು. ಊರಿನ ವಕೀಲರೆಲ್ಲ ಇಬ್ಬರಿಗೂ ಪರಿಚಯದವರೆಂದು ನಾನು ಗುಟ್ಟಾಗಿ ಹುಮನಾಬಾದಿನ ವಕೀಲರನ್ನು ಹಿಡಿದೆ. ಅವಳೂ ಗುಟ್ಟಾಗಿ ಹುಮನಾಬಾದಿನವರನ್ನೇ ಇನ್ನೊಬ್ಬರನ್ನು ಹಿಡಿದಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆ. ಹೀಗಾಗಿ ವಾದಿ, ಪ್ರತಿವಾದಿ ಒಂದೇ ಸೀಟಿನಲ್ಲಿ ಕೂತು, ಅವಳ ರೊಟ್ಟಿ ನನ್ನ ಶೇಂಗಾ ಹಿಂಡಿ ಹಂಚಿಕೊಂಡು ತಿಂದು, ಒಬ್ಬರ ಮೇಲೊಬ್ಬರು ಚಾಡಿ ಹೇಳಲು ಹೋಗುತ್ತಿದ್ದೆವು.

ಒಂದು ದಿನ ಆಜ್ಞೆ ಬಂತು: ಯಥಾಸ್ಥಿತಿ. ಮುಂದಿನ ತಾರೀಖಿನವರೆಗೆ ಅಂಗಳ ಇದ್ದಹಾಗೆಯೇ ಇರಬೇಕೆಂದು ಗುಮಾಸ್ತ ತಿಳಿಸಿದ. ನಾವಿಬ್ಬರೂ ಕಾನೂನಿಗೆ ಹೆದರುವ ಹೆಂಗಸರು. ಆ ದಿನ ಅಲ್ಲಿ ನನ್ನ ಹೊರಸಿತ್ತು, ತಂತಿಯ ಮೇಲೆ ಅವಳ ಹಸಿರು ಸೀರೆಯಿತ್ತು, ಅವಳ ಬುಟ್ಟಿಯಲ್ಲಿ ನನ್ನ ಕೋಳಿ ಏಳು ತತ್ತಿಗಳ ಮೇಲೆ ಕಾವಿಗೆ ಕೂತಿತ್ತು. ಎಲ್ಲ ಅಲ್ಲಿಗೆ ನಿಂತಿತು. ಕಸ ಹೊಡೆಯಲಿಲ್ಲ, ಅಮಾವಾಸ್ಯೆಗೂ ಸೆಗಣಿ ಸಾರಿಸಲಿಲ್ಲ. ತೆಗೆದರೆ ದಾವೆ ಹೋಗುತ್ತದೆಂದು ಅವಳು ಮುಟ್ಟದ ಸೀರೆ ಬಿಸಿಲಿಗೆ ಸುಟ್ಟು ಒಣಗಿದ ಪುಂಡಿಪಲ್ಲೆಯಂತಾಯಿತು. ನನ್ನ ಹೊರಸಿನ ನಡುವಿನ ಹಗ್ಗ ಹರಿದಿತ್ತು. ಕಟ್ಟಿದರೆ ಬದಲಾವಣೆಯಾಗುತ್ತದೆಂದು ನಾನು ತಗ್ಗಿನಲ್ಲೇ ಕೂತೆ. ಕೋಳಿಗೆ ಮಾತ್ರ ಕಾನೂನಿನ ಭಯವಿಲ್ಲ. ಒಂದು ಬೆಳಿಗ್ಗೆ ನೋಡಿದರೆ ತತ್ತಿಯಿದ್ದಲ್ಲಿ ಮರಿಗಳು.

"ಅಕ್ಕಾ, ನಿನ್ನ ಕೋಳಿ ಆರ್ಡರ್ ಮುರೀತು ನೋಡು," ಎಂದಳು ಕಮಲಾ.

"ಬುಟ್ಟಿ ಯಾರದು? ಜೇಲಿಗೆ ಹೋದ್ರ ಇಬ್ಬರೂ ಹೋಗೂಣು, ನಡಿ."

ಅದೇ ಬಸ್ಸು, ಅದೇ ಸೀಟು. ಈ ಸಲ ಇಬ್ಬರೂ ನನ್ನ ವಕೀಲರ ಮುಂದೆಯೇ ನಿಂತೆವು. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಆಯಿ, ಗ್ವಾಡಿ ಕಟ್ಟಬ್ಯಾಡ್ರಿ, ಜಾಗಾ ಮಾರಬ್ಯಾಡ್ರಿ ಅಂತ ಅದ. ಕಸಾ ಹೊಡೀಬ್ಯಾಡ್ರಿ ಅಂತ ಯಾರು ಹೇಳ್ಯಾರ?"

ಹೋದದ್ದಕ್ಕೆ, ಕೋರ್ಟಿನ ಕಟ್ಟೆಯ ಮೇಲೆ ಆಗಾಗ ಕಿವಿಗೆ ಬೀಳುತ್ತಿದ್ದ ಟ್ರಸ್ಟ್ ಎಂದರೇನೆಂದೂ ಕೇಳಿ ತಿಳಿದುಕೊಂಡೆ. ಆಸ್ತಿ ಕೊಟ್ಟವರು ಒಬ್ಬರು, ಕಾಯುವವರು ಇನ್ನೊಬ್ಬರು, ಅದರ ಲಾಭ ಮೂರನೆಯವರಿಗೆ. ನಮ್ಮಲ್ಲಿ ಕೋಳಿ ಕೊಟ್ಟವಳು ನಾನು, ಬುಟ್ಟಿಯಲ್ಲಿಟ್ಟು ಕಾಯುವವಳು ಕಮಲಾ, ಮೂರನೆಯದು ಬೆಕ್ಕು. ಎರಡು ಮರಿಗಳ ಲಾಭ ಅದು ಆಗಲೇ ಪಡೆದಿತ್ತು.

ಊರಿಗೆ ಬಂದು ಅಂಗಳ ಗುಡಿಸಿದೆವು. ಹೊರಸಿನ ಹಗ್ಗ ಕಟ್ಟುವುದು ಮಾತ್ರ ಇವತ್ತು ನಾಳೆ ಎಂದು ಉಳಿದೇಹೋಯಿತು. ಕಮಲಾ ತನ್ನ ಬುಟ್ಟಿಯನ್ನು ಒಳಗೆ ಒಯ್ದಳು. ಮರಿಗಳು ದೊಡ್ಡವಾದ ಮೇಲೆ ಕೋಳಿ ಮತ್ತೆ ಕಾವಿಗೆ ಕೂತಿತು. ಅಷ್ಟರಲ್ಲಿ ತಾರೀಖು ಬಂತು. ಜಡ್ಜ್ ಸಾಹೇಬರು ರಾಜಿಯಾಗುತ್ತೀರಾ ಎಂದು ಕೇಳಿದರು. ರಾಜಿ ಎಂದರೆ ಇಬ್ಬರಿಗೂ ಅರ್ಧರ್ಧ ಸಿಟ್ಟು ಉಳಿಯುವುದು. ರಾಜಿಯಾದರೆ ನಾಳೆಯೇ ಬಚ್ಚಲು ಕಟ್ಟಲು ಗೌಂಡಿ ಬರುತ್ತಾನೆ, ನನ್ನ ಬಿಸಿಲೂ ಹೋಗುತ್ತದೆ, ಕೋಳಿಯ ಕಾವೂ ಕೆಡುತ್ತದೆ. ಮರಿಗಳಲ್ಲಿ ಅರ್ಧ ಕಮಲಾಳಿಗೆಂದು ಬಸ್ಸಿನಲ್ಲೇ ಒಪ್ಪಂದವಾಗಿತ್ತು.

"ಸಾಹೇಬ್ರ, ಇಪ್ಪತ್ತೊಂದು ದಿನದ ಮ್ಯಾಲಿನ ತಾರೀಖ ಕೊಡ್ರಿ," ಎಂದೆ ನಾನು.

"ಹೌದ್ರಿ," ಎಂದಳು ವಾದಿ. ಎರಡೂ ಕಡೆಯ ವಕೀಲರು ಒಬ್ಬರ ಮುಖ ಒಬ್ಬರು ನೋಡಿದರು. ತಾರೀಖು ಸಿಕ್ಕಿತು.

ಗೆದ್ದವಳಂತೆ ಮನೆಗೆ ಬಂದೆ. ಬಿಸಿಲು ಅಂಗಳದ ತುಂಬ ಬಿದ್ದಿತ್ತು. ಬಚ್ಚಲಿಲ್ಲ, ಗೋಡೆಯಿಲ್ಲ, ಕಾನೂನು ನನ್ನ ಕಡೆ. ಆದರೆ ಬುಟ್ಟಿ ಹೋದ ಮೇಲೆ ಕೋಳಿ ಕಾವಿಗೆ ಆರಿಸಿಕೊಂಡದ್ದು ನನ್ನ ಹೊರಸಿನ ತಗ್ಗು. ಹತ್ತಿರ ಹೋದರೆ ಕುಕ್ಕುತ್ತದೆ. ಇದಕ್ಕೂ ಕಬ್ಜಾ ಎಂದೇ ಹೆಸರು. ಇಪ್ಪತ್ತೊಂದು ದಿನ ಅದನ್ನು ಯಾರೂ ಎಬ್ಬಿಸುವಂತಿಲ್ಲ, ತಾರೀಖು ಕೇಳಿ ತಂದವಳೇ ನಾನು. ಇದನ್ನು ನೆರಳಿನಲ್ಲಿ, ಹೊಸ್ತಿಲ ಮೇಲೆ ಮೊಣಕಾಲು ಒತ್ತಿಕೊಳ್ಳುತ್ತ ಬರೆಯುತ್ತಿದ್ದೇನೆ.